ಗೋದಾಮಿನಲ್ಲಿ ಕಲಿತ ಒಂದೇ ಬೀಟು

ಕಣದಲ್ಲಿ ಕಾಫಿ ಒಣಹಾಕಿದ್ದ ದಿನಗಳು. ಜನವರಿಯಲ್ಲಿ ನಮ್ಮ ಕಡೆ ಮಳೆ ಬರಬಾರದು, ಬಂದರೆ ಯಾರಿಗೂ ಒಳ್ಳೆಯದಲ್ಲ. ಆದರೂ ಅಂದು ಮಧ್ಯಾಹ್ನ ಬಂದೇಬಿಟ್ಟಿತು. ನಾನು ಮತ್ತು ನನ್ನ ಗಂಡ ಟಾರ್ಪಾಲಿನ ಒಂದೊಂದು ತುದಿ ಹಿಡಿದು ಓಡಿದೆವು. ಒದ್ದೆಯಾದ ಕಾಫಿ ಹಣ್ಣಿನ ಮೇಲೆ ಕಾಲಿಡುವುದೂ ಒಂದೇ, ಗೋಲಿಗಳ ಮೇಲೆ ಕಾಲಿಡುವುದೂ ಒಂದೇ. ಬಲಗೈ ಊರಿ ಬಿದ್ದೆ. ಕಾಫಿ ಉಳಿಯಿತು, ನನ್ನ ಮಣಿಕಟ್ಟು ಮುರಿಯಿತು.

ಬ್ಯಾಂಡೇಜು ಬಿಚ್ಚಿದ ಮೇಲೆ ನೋಡಿದರೆ ಕೈ ನನ್ನದಲ್ಲವೇನೋ ಎಂಬಂತಿತ್ತು. ಕಾವಲಿಯ ಮೇಲೆ ರೊಟ್ಟಿ ಮಗುಚಲು ಬರದು, ಜಡೆ ಹಾಕಲು ಬರದು, ಬಾಟಲಿಯ ಮುಚ್ಚಳ ತೆಗೆಯಲೂ ಬರದು. ಡಾಕ್ಟರು ಮಡಿಕೇರಿಯ ಒಬ್ಬ ಫಿಸಿಯೋಥೆರಪಿಸ್ಟ್ ಬಳಿ ಕಳುಹಿಸಿದರು. ನಮ್ಮೂರು ಚೇರಂಬಾಣೆ ಕಡೆಯಿಂದ ಬಸ್ಸು ಹತ್ತಿ ಹೋದೆ. ಗಂಭೀರವಾದ ಮುಖದ, ಬಿಳಿ ಕೋಟಿನ ಯಾರೋ ಹಿರಿಯರು ಇರುತ್ತಾರೆ ಅಂದುಕೊಂಡಿದ್ದೆ. ಇದ್ದವಳು ಮೂವತ್ತೂ ದಾಟದ ಒಬ್ಬ ಕೊಡವ ಹುಡುಗಿ. ಗಿಡ್ಡ ಕೂದಲು, ಮರ ಕಡಿಯುವವರಂಥ ತೋಳು, ಮಾತಿನ ಮಧ್ಯೆ ಮಧ್ಯೆ ಗುನುಗು. ನಾನು ಅವಳನ್ನು ಡಾಕ್ಟರೇ ಎಂದು ಕರೆದರೆ, "ಅಯ್ಯೋ, ಅಷ್ಟೆಲ್ಲಾ ಬೇಡ ಆಂಟಿ," ಅನ್ನುತ್ತಿದ್ದಳು.

ಅವಳು ಕೊಟ್ಟ ವ್ಯಾಯಾಮಗಳನ್ನು ನಾನು ಮನೆಯಲ್ಲಿ ಮಾಡುತ್ತಿರಲಿಲ್ಲ. ರಬ್ಬರ್ ಚೆಂಡು ಹಿಸುಕುವುದು, ಗೋಡೆಗೆ ಕೈ ಕೊಟ್ಟು ತಳ್ಳುವುದು ಇವೆಲ್ಲ ಕೆಲಸವಿಲ್ಲದವರು ಮಾಡುವಂಥವು ಅನ್ನಿಸುತ್ತಿತ್ತು. ಮೂರನೆಯ ಸಲ ಹೋದಾಗ ಅವಳು ಬೈಯಲಿಲ್ಲ. ಮೇಜಿನ ಕೆಳಗಿನಿಂದ ಊಟದ ತಟ್ಟೆಯಷ್ಟು ಅಗಲದ ರಬ್ಬರ್ ಹಲಗೆಯೊಂದನ್ನೂ ಎರಡು ಮರದ ಕಡ್ಡಿಗಳನ್ನೂ ತೆಗೆದು ನನ್ನ ಮುಂದಿಟ್ಟಳು.

"ಇದು ಡ್ರಮ್ ಬಾರಿಸೋರು ಪ್ರ್ಯಾಕ್ಟೀಸ್ ಮಾಡೋ ಪ್ಯಾಡು ಆಂಟಿ. ಫೋನಲ್ಲಿ ಟಿಕ್ ಟಿಕ್ ಅಂತ ಬರುತ್ತೆ. ಅದರ ಜೊತೆ ಸುಮ್ಮನೆ ಬಡೀರಿ. ಕೈ ತಾನಾಗೇ ಸಡಿಲ ಆಗುತ್ತೆ."

"ಡ್ರಮ್ಮಾ? ಈ ವಯಸ್ಸಿಗೆ?"

"ಮಣಿಕಟ್ಟಿಗೆ ವಯಸ್ಸು ಗೊತ್ತಾಗಲ್ಲ," ಅಂದಳು.

ಪ್ಯಾಡನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದೆ. ಊಟದ ಮೇಜಿನ ಮೇಲಿಟ್ಟು ಬಡಿದೆ. ಮೊದಲ ದಿನ ನೋವಿಗೆ ಕಣ್ಣಲ್ಲಿ ನೀರು ಬಂತು. ಒಂದು ವಾರ ಕಳೆಯುವಷ್ಟರಲ್ಲಿ ಸಂಜೆ ಯಾವಾಗ ಆಗುತ್ತದೋ, ಪ್ಯಾಡಿನ ಮುಂದೆ ಯಾವಾಗ ಕೂರುತ್ತೇನೋ ಎಂದು ಕಾಯತೊಡಗಿದೆ. ನಾನು ಮದುವೆಯಾಗಿ ಬಂದಾಗಿನಿಂದ ಮಾಡಿದ ಕೆಲಸಕ್ಕೆಲ್ಲ ಒಂದು ಕೊನೆ ಇರುತ್ತಿತ್ತು. ಅಡುಗೆ ಮಾಡಿದರೆ ಊಟ, ಕಳೆ ಕಿತ್ತರೆ ತೋಟ ಚೊಕ್ಕಟ, ಮೆಣಸು ಬಿಡಿಸಿದರೆ ಮೂಟೆ. ಇದು ತಿನ್ನಲಿಕ್ಕೂ ಆಗದ, ಮಾರಲಿಕ್ಕೂ ಆಗದ ಕೆಲಸ. ಅದಕ್ಕೇ ಅಷ್ಟು ರುಚಿಸಿತೋ ಏನೋ.

ನಮ್ಮತ್ತೆಗೆ ಮಾತ್ರ ಸ್ವಲ್ಪವೂ ಹಿಡಿಸಲಿಲ್ಲ. ಅವರಿಗೆ ಎಪ್ಪತ್ತು ದಾಟಿದೆ, ಕಿವಿ ಚೆನ್ನಾಗಿದೆ, ನಾಲಿಗೆ ಇನ್ನೂ ಚೆನ್ನಾಗಿದೆ. ಮನೆಯಲ್ಲಿ ನಾವು ಮಾತಾಡುವುದು ಅರೆಭಾಷೆ, ಕೊಡಗಿನ ಗೌಡರ ಕನ್ನಡ.

"ಎಂಥ ಶಬ್ದ ಇದ್? ಮರಕುಟಿಗ ಮನೆ ಒಳಗೆ ಬಂದುಟ್ಟಾ?"

"ಕೈಗೆ ಒಳ್ಳೇದು ಅತ್ತೆ. ಡಾಕ್ಟ್ರು ಹೇಳ್ಯೊಳೊ."

"ನಿನ್ನ ಕೈಗೆ ಒಳ್ಳೇದ್, ನನ್ನ ತಲೆಗೆ?" ಎಂದು ಗೊಣಗಿ ಹಿತ್ತಿಲಿಗೆ ಹೋಗುತ್ತಿದ್ದರು.

ಮುಂದಿನ ಸಲ ಕ್ಲಿನಿಕ್ಕಿಗೆ ಹೋದಾಗ, ಎಲ್ಲಿ ಬಡಿದು ತೋರಿಸಿ ಎಂದಳು ಹುಡುಗಿ. ಬಡಿದೆ. ಅವಳು ಬೇರೆ ರೋಗಿಯ ಮೊಣಕಾಲಿಗೆ ಯಂತ್ರ ಹಚ್ಚಿ, ಮತ್ತೊಬ್ಬರ ಹತ್ತಿರ ಮಾತಾಡಿ, ಟೀ ಕುಡಿದು ಬಂದಳು. ನಾನು ಇನ್ನೂ ಬಡಿಯುತ್ತಲೇ ಇದ್ದೆ. ಅವಳು ಬಾಗಿಲಿಗೆ ಒರಗಿ ನಿಂತಳು.

"ಆಂಟಿ, ಮನೇಲೂ ಇಷ್ಟು ಹೊತ್ತು ಹೀಗೇ ಬಡೀತೀರಾ?"

"ಕುಕ್ಕರ್ ಕೂಗೋ ತನಕ."

"ಬೇಜಾರಾಗಲ್ವಾ? ಬೇರೆ ಏನಾದ್ರೂ ಬಾರಿಸೋಣ ಅನ್ನಿಸಲ್ವಾ?"

"ಬೇರೆ ಬಾರಿಸೋಕೆ ಕೈ ಎಲ್ಲಿ ತಿರುಗುತ್ತೆ?" ಎಂದೆ. ನಿಜ ಅಷ್ಟೇ. ಮಣಿಕಟ್ಟು ಬಗ್ಗುತ್ತಿರಲಿಲ್ಲವಾದ್ದರಿಂದ ಮೊಣಕೈಯಿಂದ ಕೆಳಗೆ ಇಡೀ ಕೈಯನ್ನೇ ಎತ್ತಿ ಇಳಿಸುತ್ತಿದ್ದೆ. ಪ್ರತಿ ಏಟೂ ಹಿಂದಿನ ಏಟಿನ ಹಾಗೇ ಬೀಳುತ್ತಿತ್ತು.

ಆಗ ಅವಳು ತನ್ನ ಕಥೆ ಹೇಳಿದಳು. ಅವಳು ಗಿಟಾರ್ ನುಡಿಸಿ ಹಾಡುತ್ತಾಳೆ, ಹಾಡನ್ನೂ ತಾನೇ ಬರೆಯುತ್ತಾಳೆ. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿರುವ ಒಬ್ಬ ಗೆಳೆಯ ಬೇಸ್ ಗಿಟಾರ್ ನುಡಿಸುತ್ತಾನೆ. ಬೇಸ್ ಎಂದರೆ ದಪ್ಪ ತಂತಿಯ, ಎದೆಯಲ್ಲಿ ಕೇಳಿಸುವ ಗಿಟಾರ್. ಡ್ರಮ್ ಬಾರಿಸುತ್ತಿದ್ದ ಬ್ಯಾಂಕಿನವನಿಗೆ ಮಂಗಳೂರಿಗೆ ವರ್ಗವಾಗಿದೆ. ಡ್ರಮ್ ಸೆಟ್ ಅವಳದೇ, ಆದರೆ ಇಡಲು ಜಾಗವಿಲ್ಲ. ಬಾಡಿಗೆ ಮನೆಯ ಅಕ್ಕಪಕ್ಕದವರು ಜಗಳಕ್ಕೆ ಬರುತ್ತಾರೆ.

"ನಮ್ಮ ಗೋದಾಮು ಖಾಲಿ ಉಂಟು," ಎಂದೆ. ಯಾಕೆ ಹೇಳಿದೆನೋ ಗೊತ್ತಿಲ್ಲ, ಬಾಯಿಂದ ಬಂದುಬಿಟ್ಟಿತು. ಕಾಫಿ ಕೊಟ್ಟು ಮುಗಿದ ಮೇಲೆ ಮುಂದಿನ ಕೊಯ್ಲಿನವರೆಗೆ ಅಲ್ಲಿರುವುದು ಗೋಣಿ ಚೀಲ ಮತ್ತು ಇಲಿ ಮಾತ್ರ.

ಭಾನುವಾರ ಇಬ್ಬರೂ ಜೀಪಿನಲ್ಲಿ ಡ್ರಮ್ ಸೆಟ್ ಹೇರಿಕೊಂಡು ಬಂದರು. ಬೇಸ್ ನುಡಿಸುವ ಹುಡುಗ ಮಲಯಾಳ ಮನೆಮಾತಿನವನು, ಮಾತು ಕಡಿಮೆ, ನಗು ಜಾಸ್ತಿ. ಬಂದವನೇ ನನ್ನನ್ನು ಚೇಚಿ ಎಂದ. ಅವನ ಮಾತಿನಲ್ಲಿ ಚೇಚಿ ಎಂದರೆ ಅಕ್ಕ. ಅವನು ಕರೆದದ್ದು ಕೇಳಿ ಅವಳೂ ಆಂಟಿ ಬಿಟ್ಟು ಅಕ್ಕ ಅನ್ನತೊಡಗಿದಳು. ಒಂದೇ ಬೆಳಗಿನಲ್ಲಿ ನನ್ನ ವಯಸ್ಸು ಹತ್ತು ವರ್ಷ ಇಳಿಯಿತು.

ಶಬ್ದ ಗೋಡೆಗೆ ಬಡಿದು ವಾಪಸ್ಸು ಬರಬಾರದೆಂದು ನನ್ನ ಗಂಡ ಉದ್ದಕ್ಕೂ ಗೋಣಿ ಚೀಲ ನೇತುಹಾಕಿ ಕೊಟ್ಟರು. ಅವರು ಹೆಚ್ಚು ಕೇಳುವವರಲ್ಲ. ಎಲ್ಲ ಮುಗಿದ ಮೇಲೆ ಒಂದೇ ಪ್ರಶ್ನೆ: "ಇದ್ ಯಾವ ನಮೂನೆ ಹಾಡ್?"

"ಆಲ್ಟರ್ನೇಟಿವ್ ರಾಕ್ ಅಂಕಲ್," ಎಂದಳು ಹುಡುಗಿ.

"ಅಂದ್ರೆ?"

ಅವಳು ತಲೆ ಕೆರೆದುಕೊಂಡಳು. "ಅಂದ್ರೆ… ರಾಕ್ ಥರಾನೇ ಜೋರು. ಆದ್ರೆ ನಾವು ಸಾಮಾನ್ಯ ಜನ, ನಮ್ಮ ತಲೆ ಕೆಟ್ಟಿದ್ದು, ನಮ್ಮ ಖುಷಿ, ಅದನ್ನ ಇದ್ದ ಹಾಗೇ ಹೇಳೋದು. ಪಾಲಿಶ್ ಮಾಡದೆ."

"ಪಾಲಿಶ್ ಮಾಡದ ಅಕ್ಕಿ ಒಳ್ಳೇದ್," ಎಂದು ಹೇಳಿ ಅವರು ತೋಟಕ್ಕೆ ಹೋದರು.

ಡ್ರಮ್ ಸೆಟ್ಟಿನಲ್ಲಿ ಎಷ್ಟೊಂದು ಸಾಮಾನು! ಬೇರೆ ಡ್ರಮ್ಮರ್ ಸಿಗುವ ತನಕ ನೀವೇ ಬಾರಿಸಿ ಎಂದು ಹುಡುಗಿ ನನಗೆ ಕಲಿಸಿದ್ದು ಮೂರನ್ನು ಮಾತ್ರ. ಬಲಗಾಲಿನಿಂದ ಪೆಡಲ್ ತುಳಿದು ಬಾರಿಸುವ ದೊಡ್ಡ ಡ್ರಮ್, ಅದಕ್ಕೆ ಕಿಕ್ ಎನ್ನುತ್ತಾರೆ. ಎಡಗೈಯಲ್ಲಿ ಹೊಡೆಯುವ ಚಪ್ಪಟೆ ಡ್ರಮ್, ಅದು ಸ್ನೇರ್, ಒಗ್ಗರಣೆ ಸಿಡಿದ ಹಾಗೆ ಚಟ್ ಎನ್ನುತ್ತದೆ. ಬಲಗೈಗೆ ಒಂದರ ಮೇಲೊಂದು ಕೂತ ಎರಡು ತಾಳದ ತಟ್ಟೆ, ಅದು ಹೈ ಹ್ಯಾಟ್, ಬಿಡದೆ ಚಿಕ್ ಚಿಕ್ ಎನ್ನುತ್ತಿರಬೇಕು. ಕಾಲು ದುಮ್, ಎಡಗೈ ಚಟ್, ಬಲಗೈ ಸತತ. ಮೊದಲು ಕೈ ಸರಿಯಾದರೆ ಕಾಲು ಮರೆಯುತ್ತಿತ್ತು, ಕಾಲು ನೆನಪಾದರೆ ಎಡಗೈ ನಿಂತುಹೋಗುತ್ತಿತ್ತು. ಒಂದು ತಿಂಗಳು ಹೀಗೇ. ಒಂದು ದಿನ ಇದ್ದಕ್ಕಿದ್ದಂತೆ ಮೂರೂ ಸೇರಿಕೊಂಡವು. ಸೈಕಲ್ ಕಲಿಯುವಾಗ ಹಿಂದೆ ಹಿಡಿದವರು ಕೈ ಬಿಟ್ಟದ್ದು ಗೊತ್ತೇ ಆಗದೆ ಮುಂದೆ ಹೋಗಿಬಿಡುತ್ತೇವಲ್ಲ, ಹಾಗೆ. ನಾನು ಗೋದಾಮಿನಲ್ಲಿ ಒಬ್ಬಳೇ ಕೂತು ಗಟ್ಟಿಯಾಗಿ ನಕ್ಕೆ.

ಅವರ ಬಳಿ ಒಂದು ಹಾಡಿತ್ತು. ಬರೆದು ಬಹಳ ದಿನವಾಗಿತ್ತಂತೆ, ಆದರೆ ಎದ್ದು ನಿಂತಿರಲಿಲ್ಲ. ಫೋನಿಗೆ ಸಿಗ್ನಲ್ ಹುಡುಕುತ್ತ ಗುಡ್ಡ ಹತ್ತುವ ಹಾಡು. ನಮ್ಮ ಕಡೆ ಎಲ್ಲರ ಬಾಯಲ್ಲೂ ದಿನಕ್ಕೆ ಹತ್ತು ಸಲ ಬರುವ ಮಾತೇ ಅದರ ಪಲ್ಲವಿ: "ರೇಂಜ್ ಇಲ್ಲ, ರೇಂಜ್ ಇಲ್ಲ, ಮಾತುಂಟು, ರೇಂಜ್ ಇಲ್ಲ." ಹಿಂದಿನ ಡ್ರಮ್ಮರ್ ಇದ್ದಾಗ ಮಾಡಿದ ರೆಕಾರ್ಡಿಂಗ್ ಕೇಳಿಸಿದರು. ಅವನು ಬಹಳ ಚುರುಕಿನವನು. ಪ್ರತಿ ಸಾಲಿನ ಕೊನೆಗೂ ಹೊಸ ಗಡಗಡ, ಹೊಸ ಮುಕ್ತಾಯ, ತಟ್ಟೆಗಳ ಝಣಝಣ. ಕೇಳಿ ಕಡ್ಡಿಗಳನ್ನು ಕೆಳಗಿಟ್ಟೆ.

"ನಂಗೆ ಇದೆಲ್ಲ ಬರಲ್ಲ. ಒಂದೇ ಬೀಟು ಬರೋದು."

"ಆ ಒಂದನ್ನೇ ಬಾರಿಸಿ ಅಕ್ಕ," ಎಂದಳು. ಬೇರೆ ದಾರಿಯಿಲ್ಲದೆ ಹಾಗೆ ಹೇಳಿದಳೆಂದು ಅವಳ ಮುಖ ನೋಡಿದರೇ ಗೊತ್ತಾಗುತ್ತಿತ್ತು.

ಬಾರಿಸಿದೆ. ದುಮ್ ಚಟ್, ದುದುಮ್ ಚಟ್. ಬೇಸ್ ಸೇರಿತು. ಆಮೇಲೆ ಅವಳ ಗಿಟಾರ್. ಮೊದಲ ಚರಣ ಹೋಯಿತು, ನಾನು ಬದಲಾಯಿಸಲಿಲ್ಲ. ಪಲ್ಲವಿ ಬಂತು, ಆಗಲೂ ಬದಲಾಯಿಸಲಿಲ್ಲ. ಬದಲಾಯಿಸಲು ಬರುತ್ತಿದ್ದರೆ ತಾನೆ! ಎರಡನೆಯ ಚರಣದ ಹೊತ್ತಿಗೆ ಅವಳು ನನ್ನ ಕಡೆ ನೋಡುವುದನ್ನು ಬಿಟ್ಟಿದ್ದಳು. ಕಣ್ಣು ಮುಚ್ಚಿದ್ದಳು. ಗಿಟಾರ್ ಎಲ್ಲೆಲ್ಲೋ ಹೋಗುತ್ತಿತ್ತು, ಕಿರುಚುತ್ತಿತ್ತು, ಹಿಂದೆ ಬೀಳುತ್ತಿತ್ತು, ಹಾರಿ ಮುಂದೆ ಬರುತ್ತಿತ್ತು, ಮತ್ತೆ ಚಟ್ ಎನ್ನುವಲ್ಲಿಗೆ ಸರಿಯಾಗಿ ಬಂದು ಇಳಿಯುತ್ತಿತ್ತು. ನನ್ನ ಕೈಯೇನೂ ವಿಶೇಷ ಮಾಡುತ್ತಿಲ್ಲ. ಆದರೆ ಗೋದಾಮಿನ ಗಾಳಿಯೇ ಬಿಸಿಯಾದ ಹಾಗೆ ಅನ್ನಿಸಿತು.

ಹಾಡು ಮುಗಿಯಿತು.

"ಇದು ಅದೇ ಹಾಡಾ?" ಎಂದ ಬೇಸ್‌ನವನು.

ಅವಳು ಗಿಟಾರ್ ಕೆಳಗಿಟ್ಟು ಗೋಣಿ ಚೀಲದ ರಾಶಿಯ ಮೇಲೆ ಬಿದ್ದುಕೊಂಡಳು. "ಅಕ್ಕ, ಮೊದಲು ಪ್ರತಿ ಸಾಲಲ್ಲೂ ಅವನು ಈಗ ಏನು ಮಾಡ್ತಾನೋ ಅಂತ ಕಾದು ಹಾಡ್ತಿದ್ದೆ. ಬ್ರೇಕ್ ಮೇಲೇ ಕಾಲಿಟ್ಕೊಂಡು ಘಾಟಿ ಇಳಿದ ಹಾಗೆ. ಇವತ್ತು ಹಿಂದೆ ತಿರುಗಿ ನೋಡೋ ಕೆಲಸಾನೇ ಇರಲಿಲ್ಲ."

ಇಷ್ಟಾದರೂ ನನ್ನಲ್ಲಿ ಒಂದು ದೊಡ್ಡ ಐಬಿತ್ತು. ಪಲ್ಲವಿ ಬಂದಾಗ ಎಲ್ಲರೂ ಜೋರಾಗುತ್ತಿದ್ದರು, ಜೋರಾದ ಕೂಡಲೇ ನಾನು ಓಡುತ್ತಿದ್ದೆ. ಕಡೆಯ ಪಲ್ಲವಿಯ ಹೊತ್ತಿಗೆ ಅವಳಿಗೆ ಮಾತು ಉಚ್ಚರಿಸಲೂ ಪುರುಸೊತ್ತು ಸಿಗದೆ "ರೇಂಜಿಲ್ಲ ರೇಂಜಿಲ್ಲ" ಎಲ್ಲ ಸೇರಿ ಗಂಜಿಯಾಗುತ್ತಿತ್ತು. ಹುರುಪು ಬೇಕೆಂದರೆ ಬೇಗ ಬಾರಿಸಬೇಕು ಎಂದೇ ನಾನು ತಿಳಿದದ್ದು. ಬೇಸ್‌ನವನು ಒಂದು ಸಂಜೆ ಟೀ ಕುಡಿಯುತ್ತ ಮೆಲ್ಲಗೆ ಹೇಳಿದ:

"ಚೇಚಿ, ಜೋರು ಬೇರೆ, ಬೇಗ ಬೇರೆ."

"ಎರಡೂ ಒಟ್ಟಿಗೇ ಬರುತ್ತವಲ್ಲ ಮಾರಾಯ?"

"ಬರುತ್ತೆ. ಬರೋಕೆ ಬಿಡಬಾರದು. ನಾವು ಓಡಿದ್ರೆ ಕೇಳೋರು ನಿಂತು ನೋಡ್ತಾರೆ. ನಾವು ಓಡದೆ ಇದ್ರೆ ಅವರಿಗೆ ಓಡಬೇಕು ಅನ್ನಿಸುತ್ತೆ."

ಇದನ್ನು ತಲೆಯಲ್ಲಿ ಒಪ್ಪಿದೆ, ಕೈಗೆ ಒಪ್ಪಿಸುವುದೇ ಕಷ್ಟವಾಯಿತು. ದಿನಾ ಮಧ್ಯಾಹ್ನದ ಊಟವಾದ ಮೇಲೆ ಗೋದಾಮಿಗೆ ಹೋಗಿ, ಕಿವಿಗೆ ಫೋನಿನ ಟಿಕ್ ಟಿಕ್ ಸಿಕ್ಕಿಸಿಕೊಂಡು ಬಾರಿಸಿದೆ. ಮಳೆಗಾಲ ಶುರುವಾಗಿತ್ತು. ತಗಡಿನ ಮಾಡಿನ ಮೇಲೆ ಮಳೆ ಒಂದು ಲೆಕ್ಕದಲ್ಲಿ ಬಡಿಯುತ್ತಿದ್ದರೆ ನಾನು ಕೆಳಗೆ ಇನ್ನೊಂದು ಲೆಕ್ಕದಲ್ಲಿ. ಮಳೆಯ ಜೊತೆ ಹೋಗದಿರುವುದೇ ಒಳ್ಳೆಯ ಅಭ್ಯಾಸವಾಯಿತು. ಕೈ ಓಡುತ್ತಿದೆ ಅನ್ನಿಸಿದಾಗ ಉಸಿರನ್ನು ಉದ್ದಕ್ಕೆ ಬಿಡುತ್ತಿದ್ದೆ. ಹೊಡೆತವನ್ನು ಗಟ್ಟಿ ಮಾಡುತ್ತಿದ್ದೆ, ಹೆಜ್ಜೆಯ ವೇಗ ಹೆಚ್ಚಿಸುತ್ತಿರಲಿಲ್ಲ.

ಗೋದಾಮು ಮನೆಗೆ ಅಂಟಿಕೊಂಡೇ ಇದೆ. ಅತ್ತೆ ಊಟವಾದ ಮೇಲೆ ಮಲಗುವುದೂ ಅದೇ ಹೊತ್ತಿಗೆ. ಮೊದಮೊದಲು ಗೋಡೆಗೆ ಗುದ್ದುತ್ತಿದ್ದರು. ಆಮೇಲೆ ಗುದ್ದುವುದು ನಿಂತಿತು. ಒಂದು ದಿನ ನನಗೆ ಜ್ವರ, ಗೋದಾಮಿಗೆ ಹೋಗದೆ ಮಲಗಿದ್ದೆ. ಅತ್ತೆ ಬಂದು ಮಂಚದ ಹತ್ತಿರ ನಿಂತರು.

"ಇಂದ್ ಎಂಥಕೆ ಬಡೀತಿಲ್ಲೆ?"

"ಜ್ವರ ಅತ್ತೆ. ನಿಮಿಗೆ ನಿದ್ದೆ ಬರಲಿ ಅಂತಾನೂ…"

"ನಿದ್ದೆ ಎಲ್ಲಿ ಬಂತ್? ಮನೆ ಬಣಗುಟ್ತುಟ್ಟು," ಎಂದು ಮುಖ ಸಿಂಡರಿಸಿಕೊಂಡು, ಬಿಸಿ ಕರಿಮೆಣಸಿನ ಕಷಾಯ ಇಟ್ಟು ಹೋದರು. ನಾನು ಕಂಬಳಿಯೊಳಗೆ ಮುಖ ಮುಚ್ಚಿಕೊಂಡು ನಕ್ಕೆ.

ಮಳೆ ಬಿಟ್ಟ ಮೇಲೆ ಕುಶಾಲನಗರದಲ್ಲಿ ಮಹಿಳಾ ಸಂಘದವರು ಆಹಾರ ಮೇಳ ಮಾಡಿದರು. ಕಲ್ಯಾಣ ಮಂಟಪದ ಪಕ್ಕದ ಮೈದಾನ, ಶಾಮಿಯಾನ, ಸಾಲು ಮಳಿಗೆ. ಸಂಘದ ಒಬ್ಬರು ನಮ್ಮ ಹುಡುಗಿಯ ಹತ್ತಿರ ಸೊಂಟನೋವಿಗೆ ಬರುತ್ತಿದ್ದರು. ಆ ಸಲುಗೆಯಲ್ಲಿ ನಮಗೂ ಸ್ವಲ್ಪ ಹೊತ್ತು ಕೊಟ್ಟರು. ನಮ್ಮ ಗುಂಪಿಗೆ ಹೆಸರಿಟ್ಟಿರಲಿಲ್ಲ, ಇಂದಿಗೂ ಇಟ್ಟಿಲ್ಲ. ಕಾರ್ಯಕ್ರಮದ ಬೋರ್ಡಿನಲ್ಲಿ "ಸ್ಥಳೀಯ ಕಲಾವಿದರಿಂದ ಸಂಗೀತ" ಎಂದಿತ್ತು. ಶಾಲೆಯ ಮಕ್ಕಳ ನೃತ್ಯ ಮುಗಿದ ಮೇಲೆ, ಅಕ್ಕಿ ತರಿಯ ಪಾಪುಟ್ಟು ಮಾಡುವ ಸ್ಪರ್ಧೆಯ ಬಹುಮಾನಕ್ಕೆ ಮೊದಲು ನಾವು.

ಏನು ಉಟ್ಟುಕೊಳ್ಳಬೇಕು ಎಂಬುದೇ ದೊಡ್ಡ ಚರ್ಚೆಯಾಯಿತು. ಸೀರೆಯಲ್ಲಿ ಪೆಡಲ್ ತುಳಿಯಲು ನನಗೆ ಬರದು. ಕೊನೆಗೆ ಚೂಡಿದಾರ, ಕಾಲಿಗೆ, ಹೊರ ಊರಿನಲ್ಲಿ ಕೆಲಸಕ್ಕಿರುವ ಮಗಳು ಬಿಟ್ಟುಹೋದ ಕ್ಯಾನ್ವಾಸ್ ಶೂ. ಅತ್ತೆ ತಾವೂ ಬರುತ್ತೇನೆಂದು ರೇಷ್ಮೆ ಸೀರೆ ಉಟ್ಟು ಮೊದಲೇ ಜೀಪಿನ ಮುಂದಿನ ಸೀಟಿನಲ್ಲಿ ಕೂತಿದ್ದರು.

"ನಿಮಿಗೆ ಅಲ್ಲಿ ತುಂಬಾ ಶಬ್ದ ಆದು ಅತ್ತೆ," ಎಂದೆ.

"ಮನೇಲಿ ಕಡಿಮೆ ಆತಾ?" ಎಂದರು.

ವೇದಿಕೆ ಹತ್ತಿ ಕೆಳಗೆ ನೋಡಿದೆ. ಕಾಲೇಜು ಹುಡುಗ ಹುಡುಗಿಯರು, ಮಕ್ಕಳನ್ನು ಎತ್ತಿಕೊಂಡ ತಾಯಂದಿರು, ಶುಂಠಿ ಲೋಡು ಇಳಿಸಿ ಬಂದ ಗಂಡಸರು, ಮಳಿಗೆಗಳ ಹಿಂದೆ ಎಣ್ಣೆಯ ಬಾಣಲೆಯ ಮುಂದೆ ಹೆಂಗಸರು. ನಿರೂಪಕರು "ಈಗ ಆರ್ಕೆಸ್ಟ್ರಾ" ಎಂದುಬಿಟ್ಟರು. ತಕ್ಷಣ ಹಿಂದಿನಿಂದ ಯಾರೋ ಒಂದು ಸಿನಿಮಾ ಹಾಡು ಕೇಳಿದರು. ಡ್ರಮ್ ಹಿಂದೆ ನನ್ನನ್ನು ಕಂಡು ಕೆಲವರು ಒಬ್ಬರನ್ನೊಬ್ಬರು ತಿವಿದುಕೊಂಡರು.

ಮೊದಲ ಹಾಡು ಹಾಗೂ ಹೀಗೂ ಹೋಯಿತು. ನಾಲ್ಕು ಚಪ್ಪಾಳೆ ಬಿದ್ದವು, ಜನ ಮತ್ತೆ ತಟ್ಟೆಯ ಕಡೆ ತಿರುಗಿದರು. ಅವಳು ಮೈಕಿನಲ್ಲಿ, "ಇಲ್ಲಿ ಯಾರ ಫೋನಿಗೆ ರೇಂಜ್ ಇಲ್ಲ?" ಎಂದು ಕೇಳಿದಳು. ಸುಮಾರು ಕೈಗಳು ಎದ್ದವು. ನಗು ಬಂತು. ನಾನು ಕಡ್ಡಿಗೆ ಕಡ್ಡಿ ತಟ್ಟಿ ನಾಲ್ಕು ಎಣಿಸಿ ಶುರು ಮಾಡಿದೆ.

ಮೊದಲ ಪಲ್ಲವಿಗೆ ಮುಂದಿನ ಸಾಲಿನ ಹುಡುಗಿಯರು ತಲೆ ಆಡಿಸತೊಡಗಿದರು. ಎರಡನೆಯ ಚರಣದ ಮಧ್ಯೆ ಟಂಗ್ ಎಂದು ಏನೋ ಸಿಡಿಯಿತು. ಅವಳ ಗಿಟಾರಿನ ತಂತಿ. ಒಂದು ತಂತಿ ಹೋದರೆ ಉಳಿದವೂ ಶ್ರುತಿ ತಪ್ಪುವ ಜಾತಿಯ ಗಿಟಾರ್ ಅದು. ಮುಂದಿನ ಸ್ವರವೇ ಅಪಸ್ವರವಾಗಿ ಕೂಗಿತು. ಅವಳು ತಂತಿಗಳ ಮೇಲೆ ಅಂಗೈ ಇಟ್ಟು ಸದ್ದು ನಿಲ್ಲಿಸಿ ನನ್ನ ಕಡೆ ತಿರುಗಿದಳು. ಅವಳ ಕಣ್ಣಿನಲ್ಲಿ ಅಂಥ ಗಾಬರಿಯನ್ನು ನಾನು ಅದುವರೆಗೆ ನೋಡಿರಲಿಲ್ಲ. ಇನ್ನೊಂದು ಗಿಟಾರ್ ವೇದಿಕೆಯ ಹಿಂದೆ ಪೆಟ್ಟಿಗೆಯಲ್ಲಿತ್ತು.

"ಹೋಗಿ ತಕ್ಕೊಂಡ್ ಬಾ!" ಎಂದು ಕೂಗಿದೆ. ಕೈ ನಿಲ್ಲಿಸಲಿಲ್ಲ.

ಅವಳು ಓಡಿದಳು. ವೇದಿಕೆಯ ಮಧ್ಯೆ ಮೈಕು ಒಂದೇ ನಿಂತಿತ್ತು. ಹಾಡಿಲ್ಲ, ಗಿಟಾರಿಲ್ಲ. ಉಳಿದದ್ದು ದುಮ್ ಚಟ್ ಮತ್ತು ಬೇಸಿನ ಗುಂಯ್. ಖಾಲಿ ಜಾಗ ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದು ಅಲ್ಲಿ ಕೂತವರಿಗೇ ಗೊತ್ತು. ಏನಾದರೂ ಮಾಡು, ತುಂಬು, ಸಿಕ್ಕಿದ ತಟ್ಟೆಗೆಲ್ಲ ಹೊಡೆ ಎಂದು ಒಳಗಿನಿಂದ ಒಂದು ದನಿ. ಇನ್ನೊಂದು, ಬೇಗ ಬೇಗ ಬಾರಿಸಿ ಮುಗಿಸಿಬಿಡು ಎನ್ನುತ್ತಿತ್ತು. ಬೇಸ್‌ನವನು ನನ್ನ ಡ್ರಮ್ಮಿನ ಪಕ್ಕಕ್ಕೇ ಬಂದು ನಿಂತ. ನನ್ನ ಬಲಗಾಲಿನ ಮೇಲೆ ಕಣ್ಣಿಟ್ಟು, ನನ್ನ ದುಮ್‌ಗೆ ತನ್ನ ತಂತಿಯನ್ನು ಹೊಲಿದ ಹಾಗೆ ಕೂಡಿಸಿದ. ನಾನು ಉಸಿರನ್ನು ಉದ್ದಕ್ಕೆ ಬಿಟ್ಟೆ. ಹೊಡೆತ ಗಟ್ಟಿ ಮಾಡಿದೆ, ಹೆಜ್ಜೆ ಬದಲಿಸಲಿಲ್ಲ.

ಸ್ವಲ್ಪ ಹೊತ್ತು ಜನ ಏನೂ ತಿಳಿಯದೆ ನೋಡಿದರು. ಆಮೇಲೆ ಕಾಲೇಜಿನ ಮಕ್ಕಳ ಗುಂಪಿನಿಂದ ಒಂದು ದನಿ, "ರೇಂಜ್ ಇಲ್ಲ!" ಎಂದಿತು, ಸರಿಯಾಗಿ ಚಟ್ ಬೀಳುವ ಜಾಗಕ್ಕೆ. ನಗೆ. ಮತ್ತೆ ಮೂರು ದನಿ. ಆಮೇಲೆ ಇಡೀ ಮುಂದಿನ ಸಾಲು. "ರೇಂಜ್ ಇಲ್ಲ, ರೇಂಜ್ ಇಲ್ಲ!" ಕಾಲುಗಳು ನೆಲಕ್ಕೆ ಬೀಳತೊಡಗಿದವು. ಮಳಿಗೆಯ ಹೆಂಗಸೊಬ್ಬಳು ಸಟ್ಟುಗದಿಂದ ಬಾಣಲೆಯ ಅಂಚಿಗೆ ತಟ್ಟಿದಳು, ಪಕ್ಕದವಳು ಪಾತ್ರೆಯ ಮುಚ್ಚಳಕ್ಕೆ. ಶುಂಠಿ ಲೋಡಿನ ಗಂಡಸರು ಕೈ ಮೇಲೆತ್ತಿ ಚಪ್ಪಾಳೆ ಹಾಕುತ್ತ ಮುಂದೆ ಬಂದರು. ನಮ್ಮಲ್ಲಿ ಮದುವೆಯಲ್ಲಿ ವಾಲಗ ಶುರುವಾದರೆ ಕಾಲು ಸುಮ್ಮನಿರುವುದಿಲ್ಲ, ಅದು ಯಾರಿಗೂ ಹೇಳಿಕೊಡಬೇಕಾದ್ದಲ್ಲ. ಆ ಕಾಲುಗಳು ಈಗ ನನ್ನ ಡ್ರಮ್ಮಿಗೆ ಕುಣಿಯುತ್ತಿದ್ದವು. ಅತ್ತೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ನೆಟ್ಟಗೆ ಕೂತು, ಕೈಚೀಲವನ್ನು ತೊಡೆಯ ಮೇಲಿಟ್ಟು, ಅದರ ಮೇಲೆಯೇ ತಾಳ ಹಾಕುತ್ತಿದ್ದರು. ಮುಖ ಮಾತ್ರ ಪಂಚಾಯಿತಿಗೆ ಬಂದವರ ಹಾಗೆ ಬಿಗಿ.

ಅವಳು ಇನ್ನೊಂದು ಗಿಟಾರ್ ಸಿಕ್ಕಿಸಿಕೊಂಡು ವಾಪಸ್ಸು ಓಡಿಬಂದವಳು ವೇದಿಕೆಯ ಅಂಚಿನಲ್ಲೇ ನಿಂತುಬಿಟ್ಟಳು. ತಾನಿಲ್ಲದೆ ತನ್ನ ಹಾಡು ನಡೆಯುತ್ತಿರುವುದನ್ನು ಬಾಯಿ ತೆರೆದು ನೋಡಿದಳು. ನಾನು ತಲೆಯಾಡಿಸಿದೆ. ಅವಳು ಒಂದು ಸುತ್ತು ಕಾದಳು, ಇನ್ನೊಂದು ಸುತ್ತು ಕಾದಳು, ನಗುತ್ತಲೇ ಕಾದಳು, ಆಮೇಲೆ ಒಂದೇ ಏಟಿಗೆ ಎಲ್ಲ ತಂತಿಗಳನ್ನೂ ಎಳೆದು ಒಳಗೆ ಹಾರಿದಳು. ಆ ಕ್ಷಣದಲ್ಲಿ ಮೈದಾನದಿಂದ ಎದ್ದ ಕೂಗು ನನ್ನ ಎದೆಗೆ ಬಂದು ಬಡಿಯಿತು. ಕಣ್ಣು ಮಂಜಾಯಿತು. ಆದರೂ ಕೈ ಓಡಲಿಲ್ಲ. ನನ್ನ ಬದುಕಿನಲ್ಲಿ ಅಷ್ಟೊಂದು ಜನರನ್ನು ಒಟ್ಟಿಗೆ ಖುಷಿಪಡಿಸಿದ್ದು ಅದೇ ಮೊದಲು, ಅದೂ ಒಂದೇ ಕೆಲಸವನ್ನು ಬಿಡದೆ ಮಾಡಿ.

ಕೆಳಗಿಳಿದಾಗ ಯಾರು ಯಾರೋ ಕೈ ಕುಲುಕಿದರು. ಯಾವುದೋ ಮಳಿಗೆಯವರು ತಟ್ಟೆ ತುಂಬ ಶ್ಯಾವಿಗೆಯಂಥ ನೂಪುಟ್ಟು, ಕೋಳಿ ಸಾರು ತಂದಿಟ್ಟರು. ನನ್ನ ಗಂಡ ನೀರಿನ ಬಾಟಲಿ ಕೊಟ್ಟು, "ಲಾಯ್ಕ ಆತ್," ಎಂದರು. ಚೆನ್ನಾಗಾಯಿತು ಎನ್ನುವುದೇ ಅವರ ಬಾಯಿಂದ ದೊಡ್ಡ ಭಾಷಣ. ಹುಡುಗಿ ಬೆವರಿದ ಮೈಯಲ್ಲೇ ಬಂದು ನನ್ನನ್ನು ಅಪ್ಪಿಕೊಂಡಳು.

"ಅಕ್ಕ, ನೀವು ನಿಲ್ಲಿಸಿದ್ದಿದ್ರೆ ನಾನು ಹಿಂದಿನಿಂದಾನೇ ಓಡಿಹೋಗ್ತಿದ್ದೆ."

"ನಂಗೆ ನಿಲ್ಲಿಸೋದು ಹೇಗೆ ಅಂತ ನೀನು ಇನ್ನೂ ಕಲಿಸಿಲ್ವಲ್ಲ," ಎಂದೆ.

ನಾವು ಊಟ ಮಾಡುತ್ತಿದ್ದಾಗ ಇಬ್ಬರು ಹೆಂಗಸರು ಬಂದು ಹತ್ತಿರ ನಿಂತರು. ಒಬ್ಬಾಕೆ ಬಸ್ ಸ್ಟ್ಯಾಂಡಿನ ಹಿಂದೆ ಹೊಲಿಗೆ ಅಂಗಡಿ ಇಟ್ಟವರು, ಇನ್ನೊಬ್ಬಾಕೆ ಅಂಗನವಾಡಿ ಟೀಚರ್. ಬಹಳ ಹೊತ್ತು ಒಬ್ಬರನ್ನೊಬ್ಬರು ಮುಂದೆ ತಳ್ಳಿದ ಮೇಲೆ ಹೊಲಿಗೆಯವರು ಬಾಯಿ ಬಿಟ್ಟರು.

"ಅಕ್ಕಾರೆ, ಇದ್ನ ನಮ್ಮಂಥೋರಿಗೂ ಕಲಿಸ್ತಾರಾ?"

"ನಾನೇ ಇನ್ನೂ ಕಲಿಯೋಳು," ಎಂದೆ.

"ನಿಮಗೆ ಬಂದಷ್ಟೇ ಸಾಕು ಕಣ್ರೀ," ಎಂದರು.

ಹಾಗೆ ಶುರುವಾದದ್ದು ಈಗಲೂ ನಡೆದಿದೆ. ಮಂಗಳವಾರ ಅಂಗಡಿಗೆ ರಜೆ, ಆಕೆ ಬೆಳಗಿನ ಬಸ್ಸು ಹತ್ತಿ ಬರುತ್ತಾರೆ. ಅಂಗನವಾಡಿ ಟೀಚರ್‌ಗೆ ರಜೆ ಸಿಕ್ಕಿದಾಗ ಅವರೂ ಜೊತೆಗೆ. ಮೊದಲ ದಿನ ಹೊಲಿಗೆಯವರನ್ನು ಸ್ಟೂಲಿನ ಮೇಲೆ ಕೂರಿಸಿ, ಕಾಲನ್ನು ಪೆಡಲ್ ಮೇಲೆ ಇಡಿಸಿದೆ. ಕಾಲು ಬರಲು ನನಗೆ ಒಂದು ತಿಂಗಳು ಹಿಡಿದಿತ್ತು, ಇವರಿಗೂ ಅಷ್ಟೇ ಬೇಕಾದೀತು ಎಂದು ಧೈರ್ಯ ಹೇಳಲು ಸಿದ್ಧಳಾಗಿ ನಿಂತಿದ್ದೆ. ಆಕೆ ಒಮ್ಮೆ ತುಳಿದು ನೋಡಿದರು, ಇನ್ನೊಮ್ಮೆ ತುಳಿದರು, ಆಮೇಲೆ ಸೆರಗು ಸಿಕ್ಕಿಸಿಕೊಂಡು ಬಿಡದೆ ತುಳಿಯತೊಡಗಿದರು. ದುಮ್, ದುಮ್, ದುಮ್, ದುಮ್. ಒಂದು ಕೂದಲೆಳೆಯಷ್ಟೂ ಆಚೀಚೆ ಇಲ್ಲ.

"ಇದೇನ್ರೀ ಇಷ್ಟು ಬೇಗ!" ಎಂದೆ.

"ಮಿಷಿನ್ ತುಳಿದ ಕಾಲಲ್ವಾ ಅಕ್ಕಾರೆ," ಎಂದು ಆಕೆ ಕಾಲು ನಿಲ್ಲಿಸದೆಯೇ ನಕ್ಕರು. "ಕೈಗೇನು ಕೊಡ್ತೀರ, ಕೊಡಿ."

ನಾನು ಕಡ್ಡಿಗಳನ್ನು ಅವರ ಕೈಗೆ ಕೊಟ್ಟೆ.